ಮ್ಯಾತ್ಸ್ ಮೇಡಂ ಹಾಕಿದ ಸೊನ್ನೆ

ನಮ್ಮ ಕಂಪನಿಯಲ್ಲಿ ಕೈ ತೊಳೆಯುವ ಜಾಗಕ್ಕೆ ಹೋದ ತಿಂಗಳು ಹೊಸ ಡಬ್ಬಿ ಬಂತು. ಗ್ರೀಸು ಬಿಡಿಸುವ, ಮರಳುಮರಳಾದ, ನಿಂಬೆಹಣ್ಣಿನ ವಾಸನೆಯ ಪೇಸ್ಟು. ಅಂಗೈಗೆ ಹಾಕಿಕೊಂಡು ಉಜ್ಜಿದ್ದೇ ತಡ, ಗುರುತು ಸಿಕ್ಕಿತು. ಹನ್ನೆರಡು ವರ್ಷಗಳ ಹಿಂದೆ ಪೀಣ್ಯದಲ್ಲಿ ನಾನು ಸಂಜೆ ಡಿಪ್ಲೊಮಾ ಓದುತ್ತಿದ್ದ ಕ್ಲಾಸಿನ ವಾಸನೆ ಅದು. ನಲವತ್ತು ಜನ, ಎಲ್ಲರೂ ಯಾವುದೋ ಶೆಡ್ಡಿನಿಂದ ಮೊದಲ ಶಿಫ್ಟು ಮುಗಿಸಿ ನೇರ ಬಂದವರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು, ಬೆಂಚಿನ ತುಂಬ ನಿಂಬೆ ಮತ್ತು ಮೆಷಿನ್ ಎಣ್ಣೆಯ ವಾಸನೆ... ಅದರ ಮಧ್ಯೆ ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಿದ್ದವರು ನಮ್ಮ ಮ್ಯಾತ್ಸ್ ಮೇಡಂ.

ಐವತ್ತರ ಆಸುಪಾಸಿನವರು. ಗಂಟಲು ಸ್ವಲ್ಪ ಒಡಕು. ನಮ್ಮನ್ನೆಲ್ಲ 'ಸ್ವಾಮಿ' ಎಂದೇ ಕರೆಯುತ್ತಿದ್ದರು. ಬಾಗಲಕೋಟೆ ಕಡೆಯಿಂದ ಬಂದು ಲೇತ್ ಮೆಷಿನ್ ನಡೆಸುತ್ತಿದ್ದ ನನ್ನನ್ನು ಅಲ್ಲಿಯವರೆಗೆ ಈ ಊರಿನಲ್ಲಿ ಯಾರೂ ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ. ಅದು ಮರ್ಯಾದೆಯೋ ಗೇಲಿಯೋ ಎಂದು ತಿಳಿಯುವುದಕ್ಕೇ ನನಗೆ ಒಂದು ವಾರ ಹಿಡಿಯಿತು. ಎರಡೂ ಹೌದು.

ಮೊದಲ ದಿನ ಅವರು ಲೆಕ್ಕ ಹೇಳಿಕೊಡಲಿಲ್ಲ. ಎಲ್ಲರಿಗೂ ಒಂದೊಂದು ಜೆರಾಕ್ಸ್ ಹಾಳೆ ಹಂಚಿದರು. ಮುಂದೆ ದೊಡ್ಡ ಗಣಿತ ಬರುತ್ತದೆ, ಅದಕ್ಕೆ ಮುಂಚೆ ಕೋನ, ಟ್ಯಾನು, ಲಾಗು, ಗ್ರಾಫು ಇಷ್ಟು ಗಟ್ಟಿಯಾಗಬೇಕು, ಅದಕ್ಕೆ ಇವು ಈ ಕ್ಲಾಸಿನ ರೂಲ್ಸು ಎಂದು ಒಂದೊಂದಾಗಿ ಓದಿಸಿದರು. ಓಟಿ ಇದ್ದರೆ ಮೊದಲೇ ಹೇಳಬೇಕು, ತಡವಾಗಿ ಬಂದರೆ ಕ್ಷಮೆ ಕೇಳದೆ ಸುಮ್ಮನೆ ಬಂದು ಕೂರಬೇಕು. ತಪ್ಪಾದ ಲೆಕ್ಕವನ್ನು ಅಳಿಸುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ಟೆಸ್ಟಿನಲ್ಲಿ ಫೇಲಾದವರು ಒಂದೇ ಒಂದು ಸಲ ಮತ್ತೆ ಬರೆಯಬಹುದು, ಆದರೆ ಅದಕ್ಕೆ ಮುಂಚೆ ತಾನು ಮಾಡಿದ ತಪ್ಪು ಯಾವುದು, ಯಾಕಾಯಿತು ಎಂದು ಸ್ವಂತ ಮಾತಿನಲ್ಲಿ ಬರೆದು ಅವರೆದುರು ಓದಬೇಕು. ಟೆಸ್ಟು ನಡೆಯುವಾಗ ಎದ್ದು ಹೋದವರಿಗೆ ಸೊನ್ನೆ. ಅದಕ್ಕೆ ಎರಡನೇ ಮಾತಿಲ್ಲ.

ತಪ್ಪನ್ನು ಓದಿ ಹೇಳುವ ರೂಲು ಕೇಳಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಶೆಡ್ಡಿನಲ್ಲಿ ನಮ್ಮ ಅಭ್ಯಾಸವೇ ಬೇರೆ. ಪೀಸು ಕೆಟ್ಟರೆ ಅದನ್ನು ಕಬ್ಬಿಣದ ಸುರುಳಿಗಳ ರಾಶಿಯ ಕೆಳಗೆ ತುರುಕಿ ಸೂಪರ್‌ವೈಸರ್ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವುದನ್ನು ಸೀನಿಯರುಗಳೇ ನಮಗೆ ಕಲಿಸಿದ್ದರು. ಇಲ್ಲಿ ಈ ಯಮ್ಮ ಕೆಟ್ಟ ಪೀಸನ್ನು ಟೇಬಲ್ ಮೇಲೆ ಇಡು ಅಂತಾರಲ್ಲಪ್ಪಾ ಎಂದು ನಕ್ಕೆವು.

ಸೆಮಿಸ್ಟರಿನ ಕೊನೇ ಟೆಸ್ಟಿನಲ್ಲಿ ನಾನು ಫೇಲಾದೆ. ಮತ್ತೆ ಬರೆದು ಪಾಸಾಗದಿದ್ದರೆ ಒಂದು ವರ್ಷ ಹಿಂದೆ ಬೀಳುತ್ತಿದ್ದೆ. ಡಿಪ್ಲೊಮಾ ಆದರೆ ನಿನ್ನನ್ನು ಮೇಲಿನ ಕೆಲಸಕ್ಕೆ ಹಾಕುತ್ತೇವೆ ಎಂದು ಕಂಪನಿಯವರು ಆಸೆ ತೋರಿಸಿದ್ದರು; ಊರಲ್ಲಿ ಅವ್ವ ಆಗಲೇ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹಾಗಾಗಿ ಮರ್ಯಾದೆ ಬದಿಗಿಟ್ಟು ತಪ್ಪಿನ ಚೀಟಿ ಬರೆದೆ. ಮೇಡಂ ಎದುರು ನಿಂತು ಓದಿದೆ: ಐದು ಡಿಗ್ರಿ ಮೂವತ್ತು ಮಿನಿಟು ಎಂದಿದ್ದನ್ನು ಕ್ಯಾಲ್ಕುಲೇಟರಿನಲ್ಲಿ ಐದು ಪಾಯಿಂಟ್ ಮೂವತ್ತು ಎಂದು ಒತ್ತಿದ್ದೇನೆ.

"ಒಂದು ಡಿಗ್ರಿಗೆ ಎಷ್ಟು ಮಿನಿಟು, ಸ್ವಾಮಿ?"

"ಅರವತ್ತರೀ."

"ಹಾಗಾದ್ರೆ ಮೂವತ್ತು ಅಂದ್ರೆ?"

"ಅರ್ಧ... ಐದು ಪಾಯಿಂಟ್ ಐದು ಆಗಬೇಕಿತ್ರೀ."

"ಹೂಂ, ಕೂತ್ಕೊಂಡು ಬರಿ."

ಕೂತೆ. ಎರಡು ಲೆಕ್ಕ ಸರಾಗವಾಗಿ ಬಂದವು. ಮೂರನೆಯದರಲ್ಲಿ ಕೈ ನಿಂತುಬಿಟ್ಟಿತು. ಆ ದಿನ ಬೆಳಿಗ್ಗೆ ಹೊಸ ಶಾಫ್ಟಿನ ಕೆಲಸಕ್ಕೆ ಮೆಷಿನ್ನಿನಲ್ಲಿ ಅಳತೆ ಕೂರಿಸಿದವನು ನಾನೇ. ದಂಡದ ಒಂದು ತುದಿ ಸಣ್ಣಗಾಗುವಂತೆ ಇಳಿಜಾರು ಕೊಡಬೇಕಿತ್ತು. ಡ್ರಾಯಿಂಗಿನಲ್ಲಿ ಇದ್ದಿದ್ದು ಐದು ಡಿಗ್ರಿ ಮೂವತ್ತು ಮಿನಿಟು. ನಾನು ಒತ್ತಿದ್ದು 5.30. ಇಳಿಜಾರು ಅಳೆಯುವ ಗೇಜು ಅವತ್ತು ಚೆಕಿಂಗಿಗೆ ಹೊರಗೆ ಹೋಗಿತ್ತು, ದಪ್ಪ ಮಾತ್ರ ಅಳೆದು ಓಕೆ ಎಂದಿದ್ದೆ. ಈಗ ಎರಡನೇ ಶಿಫ್ಟಿನವರು ಒಂದಾದ ಮೇಲೊಂದು ಕೊರೆಯುತ್ತಿರುತ್ತಾರೆ... ಅಯ್ಯೋ ಶಿವನೇ ಎಂದು ಬಾಯಿಬಿಟ್ಟೇ ಅಂದುಬಿಟ್ಟೆ.

ಎದ್ದು ಹೋಗಿ ಮೇಡಂ ಕಿವಿಯ ಹತ್ತಿರ ಎಲ್ಲ ಹೇಳಿದೆ. ಅವರು ತಮ್ಮ ಫೋನನ್ನೇ ಕೊಟ್ಟರು. ಸೂಪರ್‌ವೈಸರಿಗೆ ನಾಲ್ಕು ಸಲ ಮಾಡಿದೆ; ಮೆಷಿನ್‌ಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅಲ್ಲಿಂದ ನಮ್ಮ ಶೆಡ್ಡು ಓಡಿದರೆ ಹತ್ತು ನಿಮಿಷ.

"ನಾ ಹೋಗಬೇಕ್ರೀ ಮೇಡಂ."

ಅವರು ನನ್ನ ಉತ್ತರದ ಹಾಳೆ ನೋಡಿದರು, ನನ್ನನ್ನು ನೋಡಿದರು. "ರೂಲ್ಸ್ ಗೊತ್ತಲ್ವಾ?"

"ಗೊತ್ತೈತ್ರೀ."

"ಹೋಗು. ಬೇಗ ಹೋಗು."

ಓಡಿದೆ. ಮೆಷಿನ್ ನಿಲ್ಲಿಸಿದೆ. ಮೂರು ಟ್ರೇ ಪೀಸು ಕೆಟ್ಟಿದ್ದವು, ಇನ್ನೂ ಹತ್ತು ಟ್ರೇ ಕಾಯುತ್ತಿದ್ದವು. ತಪ್ಪು ನನ್ನದೇ ಎಂದು ಎಲ್ಲರ ಎದುರು ಹೇಳಿದೆ. ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದ, ಮೂರು ತಿಂಗಳು ನನಗೆ ಮೆಷಿನ್ನಿನಲ್ಲಿ ಅಳತೆ ಕೂರಿಸುವ ಕೆಲಸ ಕೊಡಲಿಲ್ಲ, ಆದರೆ ಮನೆಗೆ ಕಳಿಸಲಿಲ್ಲ. ಆವತ್ತು ರೂಮಿಗೆ ನಡೆದು ಹೋಗುವಾಗ ಮೈ ಹಗುರಾಗಿತ್ತು. ಮೇಡಂ ನನ್ನ ಟೆಸ್ಟು ಇನ್ನೊಮ್ಮೆ ಬರೆಸುತ್ತಾರೆ, ಇಷ್ಟೆಲ್ಲ ಆದ ಮೇಲೆ ಬರೆಸದೆ ಇರುತ್ತಾರಾ ಎಂದುಕೊಂಡಿದ್ದೆ.

ಬರೆಸಲಿಲ್ಲ. ಮಾರ್ಕ್ಸ್ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ದುಂಡಗೆ ಸೊನ್ನೆ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಟಾಫ್‌ರೂಮಿನ ಬಾಗಿಲಲ್ಲೇ ನಿಂತು ಕೇಳಿದೆ. "ಹೋಗಿದ್ದು ನೀವು ಕಲಿಸಿದ್ದಕ್ಕರೀ ಮೇಡಂ. ಈಗ ನೀವ ಸೊನ್ನಿ ಹಾಕ್ತೀರಿ?"

ಅವರ ಮುಖ ಸಣ್ಣದಾಯಿತು. "ನಿನಗೊಬ್ಬನಿಗೆ ರೂಲ್ಸ್ ಮುರಿದ್ರೆ ಮಿಕ್ಕವರಿಗೆ ಏನಂತ ಹೇಳ್ಲಿ? ಜ್ವರ ಬಂದು ಎದ್ದು ಹೋದವನಿಗೂ ಹಾಕಿದೀನಿ ಕಣೋ. ಮುಂದಿನ ವರ್ಷ ನನ್ನ ಕ್ಲಾಸಿಗೇ ಬಾ. ಬರ್ತೀಯಲ್ವಾ?"

ಅವತ್ತು 'ಸ್ವಾಮಿ' ಅನ್ನಲಿಲ್ಲ ಅವರು. ನಾನು ತಿರುಗಿ ಮೆಟ್ಟಿಲಿಳಿದು ಬಂದೆ. ನನ್ನ ಕೋಪ ಅಂಥಾದ್ದು, ಅವ್ವ ಈಗಲೂ ಹೇಳುತ್ತಾಳೆ, ಮೂಗಿನ ತುದಿಯಲ್ಲೇ ಇರುತ್ತದೆ ಎಂದು. ಮುಂದಿನ ವರ್ಷ ಬೇಕಂತಲೇ ಪಕ್ಕದ ಸೆಕ್ಷನ್ನಿನ ಸಾರ್ ಹತ್ತಿರ ಹೆಸರು ಬರೆಸಿದೆ. ಅವರು ಗೈಡು ನೋಡಿ ಬರೆಸಿದರು, ನಾನು ಬಾಯಿಪಾಠ ಮಾಡಿ ಪಾಸಾದೆ. ಕಾರಿಡಾರಿನಲ್ಲಿ ಮೇಡಂ ಎದುರಾದರೆ ಫೋನು ನೋಡುತ್ತಾ ದಾಟಿಬಿಡುತ್ತಿದ್ದೆ. ಒಂದೆರಡು ಸಲ ಅವರು ನಿಂತರು ಅನ್ನಿಸುತ್ತದೆ... ನಾನು ನಿಲ್ಲಲಿಲ್ಲ. ಆಮೇಲೆ ಡಿಪ್ಲೊಮಾ ಮುಗಿಯಿತು, ಮೇಲಿನ ಕೆಲಸ ಸಿಕ್ಕಿತು, ಮದುವೆಯಾಯಿತು, ದಿನಗಳು ಓಡಿದವು.

ಸೋಪಿನ ವಾಸನೆ ಬಂದ ಮೇಲೆ ಅವರನ್ನು ನೋಡಬೇಕು ಅನ್ನುವ ಆಸೆ ಹಿಡಿದುಕೊಂಡಿತು. ಅಂಥ ಆಸೆ ಮೊದಲು ಯಾಕೆ ಬರಲಿಲ್ಲವೋ. ನಮ್ಮಲ್ಲಿ ಅಳತೆ ನೋಡುವ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿ ಅದೇ ಕಾಲೇಜಿನವಳು ಎಂದು ಗೊತ್ತಿತ್ತು. ಮೊನ್ನೆ ಟೀ ಕುಡಿಯುವಾಗ ಕೇಳಿದೆ.

"ಮ್ಯಾತ್ಸ್ ಮೇಡಮ್ಮಾ? ಹೋದ ವರ್ಷ ತೀರ್ಕೊಂಡ್ರು ಸಾರ್. ನಮ್ದೇ ಅವರ ಕೊನೇ ಬ್ಯಾಚು."

ಲೋಟ ಕೆಳಗಿಟ್ಟೆ. ಅವಳೇ ಮುಂದುವರಿಸಿದಳು. "ಸಕ್ಕತ್ ಸ್ಟ್ರಿಕ್ಟು. ಒಂದು ರೂಲ್ಸ್ ಹಾಳೆ ಕೊಡೋರು ಸಾರ್. ಟೆಸ್ಟ್ ಮಧ್ಯ ಎದ್ದು ಹೋದ್ರೆ ಸೊನ್ನೆ. ಆದ್ರೆ ಕೆಲಸದಲ್ಲಿ ನಾವು ಮಾಡಿದ ತಪ್ಪು ನೆನಪಾಗಿ ಸರಿ ಮಾಡೋಕೆ ಹೋದ್ರೆ, ಇನ್ನೊಂದು ಟೆಸ್ಟು. ಹಾಗಂತ ಅದ್ರಲ್ಲಿ ಪ್ರಿಂಟೇ ಆಗಿತ್ತು."

"ನಮ್ಮ ಕಾಲಕ್ಕೆ ಅದು ಇರಲಿಲ್ಲ" ಎಂದೆ.

"ಯಾರೋ ಒಬ್ರು ಹಂಗೇ ಎದ್ದು ಹೋಗಿದ್ರಂತೆ. ಅವರಿಗೆ ಸೊನ್ನೆ ಹಾಕಿದ ಮೇಲೆ ಇದನ್ನ ಸೇರಿಸಿದ್ರಂತೆ. ಮೊದಲನೇ ದಿನಾನೇ ಎಲ್ಲಾ ಬ್ಯಾಚಿಗೂ ಹೇಳೋರು. 'ರೂಲು ಸರಿ ಮಾಡ್ಕೊಂಡು ಕಾದೆ, ಆ ಪುಣ್ಯಾತ್ಮ ನನ್ನ ಕ್ಲಾಸಿಗೆ ಬರ್ಲೇ ಇಲ್ಲ' ಅನ್ನೋರು. ಅವರು ಯಾರು ಅಂತ ನಿಮಗೇನಾದ್ರೂ ಗೊತ್ತಾ ಸಾರ್?"

"ನಾನೇ ಕಣಮ್ಮ" ಎಂದೆ.

ಈ ಹನ್ನೆರಡು ವರ್ಷ ನಾನು ಪೀಣ್ಯ ಬಿಟ್ಟು ಎಲ್ಲೂ ಹೋಗಿಲ್ಲ. ದಿನಾ ಸಂಜೆ ಬಸ್ಸಿಗೆ ಕಾಯುವುದು ಆ ಕಾಲೇಜಿನ ಗೇಟಿನ ಎದುರಿಗೇ.