ಕರಿಬಸಮ್ಮನ ಅಂಚೆಚೀಟಿಗಳು

ತುಮಕೂರಿನ ಬಟವಾಡಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕರಿಬಸಮ್ಮ ಅಡುಗೆಯವಳು. ಕುಣಿಗಲ್ ಕಡೆಯಿಂದ ಬಂದವಳು, ವಯಸ್ಸು ನಲವತ್ತು ದಾಟಿತ್ತು. ಹುಡುಗಿಯರು ಬಿಸಾಡಿದ ಲಕೋಟೆಗಳಿಂದಲೇ ಅವಳ ಒಲೆ ಹತ್ತಿಕೊಳ್ಳುತ್ತಿತ್ತು. ೧೯೭೭ರ ಒಂದು ಬೆಳಿಗ್ಗೆ ಹಾಗೆ ಎತ್ತಿಕೊಂಡ ಲಕೋಟೆಯ ಮೂಲೆಯಲ್ಲಿ ಉದ್ದ ಕತ್ತಿನ ಜಿರಾಫೆ ನಿಂತಿತ್ತು. ಅಂಥ ಪ್ರಾಣಿಯನ್ನು ಅವಳು ಜನ್ಮದಲ್ಲಿ ಕಂಡವಳಲ್ಲ. ಉಗುರಿನಿಂದ ಕೀಳಲು ಹೋದಳು. ಕತ್ತೊಂದು ಕಡೆ, ಮೈಯೊಂದು ಕಡೆಯಾಯಿತು.

“ಅಯ್ಯೋ, ಹಂಗೆ ಕೀಳ್ತಾರಾ ಕರಿಬಸಮ್ಮ?” ಎಂದಳು ಕೌಸಲ್ಯ. ಗುಬ್ಬಿಯಿಂದ ಬಂದು ಪಿಯುಸಿ ಓದುತ್ತಿದ್ದ ಹುಡುಗಿ. ಆ ಕಾಗದ ನೈರೋಬಿಯಲ್ಲಿದ್ದ ಅವಳ ಸೋದರಮಾವನದು. “ಸುತ್ತ ಕಾಗ್ದ ಬಿಟ್ಟು ಕತ್ತರ್ಸಿ, ನೀರಲ್ಲಿ ನೆನೆಹಾಕಿ. ಗೋಂದು ಕರಗಿ ತಾನೇ ಬಿಟ್ಕೊಳತ್ತೆ. ಅಂಚಿನ ಹಲ್ಲು ಮಾತ್ರ ಮುರೀಬಾರ್ದು.”

ಅಂದಿನಿಂದ ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಪಿಂಗಾಣಿ ತಟ್ಟೆಯ ತುಂಬ ಚೀಟಿಗಳು ತೇಲತೊಡಗಿದವು. ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದಳು, ಮಣೆಯ ಕೆಳಗಿಟ್ಟು ನೆಟ್ಟಗಾಗಿಸುತ್ತಿದ್ದಳು, ತೆಳು ಕಾಗದದ ಪಟ್ಟಿ ಮಡಿಚಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದಳು. ಪರದೇಶದ್ದು ಸಿಗುತ್ತಿದ್ದುದೇ ಅಪರೂಪ. ಬಹುಪಾಲು ಇಪ್ಪತ್ತೈದು ಪೈಸೆಯ ಜಿಂಕೆಗಳೇ. ಆದರೆ ಪ್ರತಿ ಜಿಂಕೆಯ ಮೈಮೇಲೆ ಬೇರೆ ಬೇರೆ ಊರಿನ ಅಂಚೆ ಠಸ್ಸೆ ಇರುವುದನ್ನು ಅವಳೇ ಕಂಡುಹಿಡಿದಳು. ಕೌಸಲ್ಯಳ ಕೈಯಲ್ಲಿ ಓದಿಸಿ ಗುಬ್ಬಿಗೊಂದು ಪುಟ, ಕುಣಿಗಲ್‌ಗೊಂದು, ಊರ್ಡಿಗೆರೆಗೊಂದು ಮಾಡಿದಳು. ಅಕ್ಷರ ಕಲಿಯದಿದ್ದವಳು ಆ ದುಂಡು ಮುದ್ರೆಗಳಿಂದಲೇ ಒಂದೊಂದು ಇಂಗ್ಲಿಷ್ ಅಕ್ಷರ ಗುರುತಿಸತೊಡಗಿದಳು.

ವಾರ್ಡನ್ ರಾಧಮ್ಮನಿಗೆ ಇದು ಹಿಡಿಸಲಿಲ್ಲ. “ಮುದ್ದೆ ತೊಳಸೋರಿಗೆ ಇದ್ಯಾಕೆ ಬೇಕು?” ಎನ್ನುತ್ತಿದ್ದರು. ಅಷ್ಟರಲ್ಲಿ ಕೌಸಲ್ಯಳ ಅಪ್ಪ ಬರೆದ ಕಾಗದವೊಂದು ಅವಳ ಕೈ ಸೇರಲಿಲ್ಲ. ರಾಧಮ್ಮ ಊಟದ ಹಾಲ್‌ನಲ್ಲಿ ಎಲ್ಲರೆದುರೇ ನೋಟ್‌ಬುಕ್ ಎತ್ತಿ ಹಿಡಿದರು.

“ಚೀಟಿ ಆಸೆಗೆ ಕಾಗ್ದ ಹರ್ದಿದೀಯ. ತಗೊಂಡೋಗಿ ಒಲೆಗೆ ಹಾಕು, ಈಗ್ಲೇ.”

ಕರಿಬಸಮ್ಮ ಸೌಟನ್ನು ಕೆಳಗಿಟ್ಟಳು.

“ಹಾಕಾಕಿಲ್ಲ ಅಮ್ಮಾವ್ರೆ. ಬಿಸಾಡಿದ್ದನ್ನ ಆರಿಸ್ಕೊಂಡಿವ್ನಿ, ಕದ್ದಿಲ್ಲ. ಹುಡುಗೀರ ಕಾಗ್ದ ಒಡ್ದು ಓದೋರು ಯಾರು ಅಂತ ಈ ಹಾಸ್ಟೆಲ್‌ಗೇ ಗೊತ್ತು. ನಂಗೆ ಓದಾಕೂ ಬರಾಕಿಲ್ಲ. ನಿಮ್ಮ ಮೇಜಿನ ಡ್ರಾ ನೋಡಿ ಮೊದ್ಲು.”

“ಕೆಲ್ಸ ಹೋಗುತ್ತೆ, ನೆನಪಿರ್ಲಿ!”

“ಹೋಗ್ಲಿ ಬುಡಿ. ಬುಕ್ಕು ಕೊಡಿ ಇತ್ಲಾಗೆ.”

ಅವಳೇ ಹೋಗಿ ರಾಧಮ್ಮನ ಕೈಯಿಂದ ನೋಟ್‌ಬುಕ್ ಬಿಡಿಸಿಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತುಬಿಟ್ಟಳು. ತಟ್ಟೆ ಹಿಡಿದಿದ್ದ ಅರವತ್ತು ಹುಡುಗಿಯರಲ್ಲಿ ಒಬ್ಬಳೂ ತುತ್ತೆತ್ತಲಿಲ್ಲ. ಕೌಸಲ್ಯ ಎದ್ದು ನಿಂತು, “ಡ್ರಾ ತೆಗೀರಿ ಮೇಡಂ” ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು.

ಕೊನೆಗೆ ರಾಧಮ್ಮನೇ ಹೋಗಿ ಡ್ರಾ ಎಳೆದರು. ಕಾಗದ ಅಲ್ಲೇ ಇತ್ತು, ಒಡೆದು ಓದಿ ಮರೆತದ್ದು.

ರಾಧಮ್ಮ ತಪ್ಪಾಯಿತೆನ್ನಲಿಲ್ಲ. “ಇಟ್ಕೋ, ಆದ್ರೆ ನಿನ್ನ ರೂಮಲ್ಲೇ ಇರ್ಲಿ” ಎಂದರು.

“ರೂಮಲ್ಯಾಕೆ? ನಾನೇನು ಬಚ್ಚಿಡಾಂಥದ್ದು ಮಾಡಿವ್ನಾ?” ಎಂದಳು ಕರಿಬಸಮ್ಮ. ಮುಂದಿನ ಭಾನುವಾರದಿಂದ ಊಟದ ಹಾಲ್‌ನ ನಡುಬೆಂಚಿನ ಮೇಲೆಯೇ ತಟ್ಟೆ ಇಟ್ಟು ಚೀಟಿ ನೆನೆಹಾಕಿದಳು. ರಾಧಮ್ಮ ಆ ದಾರಿ ಬಿಟ್ಟು ಹಿಂಬಾಗಿಲಿನಿಂದ ಓಡಾಡತೊಡಗಿದರು.

೧೯೮೪ರಲ್ಲಿ ತುಮಕೂರಿನಲ್ಲಿ ಅಂಚೆಚೀಟಿ ಪ್ರದರ್ಶನವೆಂದು ಕೇಳಿ ನಾಲ್ಕು ನೋಟ್‌ಬುಕ್ ಹೊತ್ತು ಹೋದಳು. ಅಲ್ಲಿ ತಮ್ಮ ಸಂಗ್ರಹ ಇಟ್ಟುಕೊಂಡಿದ್ದವರೊಬ್ಬರು ಪುಟ ತಿರುವಿ, “ಎಲ್ಲಾ ಮಾಮೂಲಿ ಚೀಟಿಗಳೇ ಅಲ್ವೇನಮ್ಮ” ಎಂದರು.

“ಚೀಟಿ ಮಾಮೂಲಿನೇ ಸ್ವಾಮಿ, ಠಸ್ಸೆ ನೋಡಿ. ನಮ್ಮ ಜಿಲ್ಲೇದೇ ಇನ್ನೂರ ಹದಿಮೂರು ಊರವೆ. ನಿಮ್ತಾವ ಎಷ್ಟವೆ?”

ಅವರು ಕನ್ನಡಕ ಸರಿಮಾಡಿಕೊಂಡು ಮೊದಲ ಪುಟಕ್ಕೆ ಮರಳಿದರು. ಆಮೇಲೆ ಕುರ್ಚಿ ಎಳೆದು ಕೂತರು.