ನಗುವಿಗೆ ಕಾಯದ ಹಾಡು

ಕೊಲ್ಹಾಪುರದ ಯಮುನಾಬಾಯಿ ಲೋಟ್ಲೀಕರ ಇಪ್ಪತ್ತೊಂಬತ್ತು ವರ್ಷ ಒಂದೇ ನಾಟಕದಲ್ಲಿ ಒಂದೇ ಪಾತ್ರ ಮಾಡಿದವಳು. ಮದುವೆ ದಲ್ಲಾಳಿಯ ಹೆಂಡತಿ. ಪಾತ್ರ ಸಣ್ಣದು, ಹೆಸರು ತಂದದ್ದು ಎರಡೇ ಮಾತು. "ನಮ್ಮವರು ನೂರಾ ಒಂದು ಲಗ್ನ ಮಾಡಿಸ್ಯಾರ. ಮುರೀದ ಉಳಿದದ್ದು ಒಂದೇ ಒಂದು" ಎಂದು ಹೇಳಿ ಅಡಕೆ ಕತ್ತರಿಸುತ್ತ ಕೂರುವಳು. ಜನ ನಕ್ಕು ನಕ್ಕು ಸುಸ್ತಾಗಿ, ಕೊನೆಯ ಕೆಮ್ಮೂ ನಿಂತ ಮೇಲೆ, ತಲೆ ಎತ್ತದೆ, "ಅದೂ ನಂದ ತಪ್ಪು." ಆಗ ಬರುತ್ತಿತ್ತು ನೋಡಿ ನಿಜವಾದ ನಗು! ಎಷ್ಟು ಕಾಯಬೇಕೆಂದು ಯಾವ ಗುರುವೂ ಕಲಿಸಿದ್ದಲ್ಲ. ಸಾಂಗ್ಲಿಯವರಿಗೆ ಒಂದಿಡೀ ಅಡಕೆ ಬೇಕು, ಮುಂಬಯಿಯವರಿಗೆ ಅರ್ಧ ಸಾಕು. ಅವರಿಗೆ ರೈಲು ಹಿಡಿಯುವ ಅವಸರ.

ಆ ನಾಟಕ ಹಾಡಿನ ಸಿನಿಮಾ ಆಗುತ್ತದೆಂದು ಕಂಪನಿಯ ಮಾಲೀಕ ಪೇಢೆ ಹಂಚಿದ. ಇನ್ನು ಮುಂದೆ ನಾಟಕ ಆಡುವಂತಿಲ್ಲ ಎಂಬ ಕಾಗದಕ್ಕೂ ಸಹಿ ಹಾಕಿದ್ದ. ಜಾಣ, ಅದನ್ನು ಎಲ್ಲರೂ ಪೇಢೆ ತಿಂದಾದ ಮೇಲೆ ಹೇಳಿದ. ಇನ್ನು ಆ ಎರಡು ಮಾತು ಉಳಿದರೆ ಪರದೆಯ ಮೇಲೇ ಉಳಿಯಬೇಕು. ಯಮುನಾಬಾಯಿಗೆ ಬೇಕಾಗಿದ್ದು ಅಷ್ಟೇ.

ಚಿತ್ರೀಕರಣಕ್ಕೆ ಹೋಗಿ ನೋಡಿದರೆ ಎರಡೂ ಮಾತನ್ನು ಒಂದು ಹಾಡಿನೊಳಗೆ ಸೇರಿಸಿಬಿಟ್ಟಿದ್ದರು. ಬೇರೆ ಯಾರೋ ಹಾಡಿಯೂ ಆಗಿತ್ತು, ಇವಳು ತುಟಿ ಆಡಿಸಿದರೆ ಸಾಕು. ರೆಕಾರ್ಡು ಹಾಕಿದರು. ಮೊದಲ ಮಾತು ಮುಗಿದದ್ದೇ ಇವಳು ತುಟಿ ಮುಚ್ಚಿ ಅಡಕತ್ತರಿ ಕೈಗೆತ್ತಿಕೊಂಡಳು. ರೆಕಾರ್ಡು ತನ್ನಷ್ಟಕ್ಕೆ ತಾನು ಹಾಡುತ್ತ ಮುಂದೆ ಹೋಯಿತು.

ನಿರ್ದೇಶಕ ನಿಗುಡಕರ ಇನ್ನೂ ಹುಡುಗ, ಕೆಟ್ಟವನೇನಲ್ಲ. "ಯಾಕ ನಿಂತ್ರಿ, ಬಾಯೀ?" ಎಂದ.

"ಮಂದಿ ನಗಬೇಕಲ್ಲಪಾ."

"ಇಲ್ಲಿ ಯಾವ ಮಂದಿ?"

ದೀಪದವರು ದೀಪ ನೋಡುತ್ತಿದ್ದರು. ಕ್ಯಾಮೆರಾದವನು ಅವಳ ಹಣೆಯ ಬೆವರು ನೋಡುತ್ತಿದ್ದ. ಏಳು ಸಲ ರೆಕಾರ್ಡು ಹಾಕಿದರು, ಏಳು ಸಲವೂ ನಿಂತಳು. ಹಟವಲ್ಲ ಮಹಾರಾಯರೇ, ಅಷ್ಟು ವರ್ಷದ ರೂಢಿ ಸುಟ್ಟರೂ ಹೋಗದು. ನಡುವೆ ಒಂದಿಷ್ಟು ಜಾಗ ಬಿಡಿಸು ಎಂದು ಕೇಳಿದಳು. ತಾಳ ತಪ್ಪುತ್ತದೆ, ಸುಮ್ಮನೆ ಕೂತದ್ದನ್ನು ತೋರಿಸಿದರೆ ಜನ ಸಿಳ್ಳೆ ಹಾಕುತ್ತಾರೆ ಎಂದ ಅವನು. ಎಂಟನೆಯ ಸಲ ಅಡಕತ್ತರಿಯನ್ನೇ ಅವಳ ಕೈಯಿಂದ ತೆಗೆದಿಟ್ಟ. ಕೈ ಬರಿದಾದ ಮೇಲೆ ತುಟಿ ನಿಲ್ಲಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಳು ಬರಬೇಕಿತ್ತು, ಬರಲಿಲ್ಲ. ಕೂತು ಝುಣಕಾ ಭಾಕರಿ ತಿಂದಳು, ಖಾರ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಸಿನಿಮಾ ಬಂದಾಗ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋಗಿ ಹೆಂಗಸರ ನಡುವೆ ಕೂತಳು. ಬಣ್ಣವಿಲ್ಲದ ಮುಖವನ್ನು ಯಾರೂ ಗುರುತಿಸಲಿಲ್ಲ. ಮೊದಲ ಮಾತಿಗೆ ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಆ ಗದ್ದಲದಲ್ಲೇ ಪರದೆಯ ಮೇಲಿನ ಯಮುನಾಬಾಯಿ ಎರಡನೆಯದನ್ನೂ ಹೇಳಿ ಮುಗಿಸಿದಳು. ನಗು ಇಳಿಯುವಷ್ಟರಲ್ಲಿ ಹುಡುಗಿಯರು ಕುಣಿಯುತ್ತಿದ್ದರು.

ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಇವಳ ಕಡೆ ಬಾಗಿ, "ಆಮ್ಯಾಲೆ ಏನಂದ್ಲರಿ ಆಕಿ?" ಎಂದು ಕೇಳಿದಳು.

"ನನಗೂ ಕೇಳಿಸ್ಲಿಲ್ಲ, ತಾಯಿ" ಎಂದಳು ಯಮುನಾಬಾಯಿ.