ಫ್ಲೂಟಿನವರ ಮೆಟ್ಟಿಲು

ಆಗೆಲ್ಲ ನಮ್ಮ ಸ್ಕೂಲಿನಲ್ಲಿ ಊಟಕ್ಕೆ ಎಲ್ಲಿ ಕೂತಿದ್ದಾರೆ ಅಂತ ನೋಡಿದರೆ ಸಾಕು, ಬ್ಯಾಂಡಿನಲ್ಲಿ ಯಾರ ಕೈಯಲ್ಲಿ ಏನಿದೆ ಅಂತ ಹೇಳಬಹುದಿತ್ತು. ಡ್ರಮ್ಮಿನವರು ಹೊಂಗೆ ಮರದ ಕೆಳಗೆ, ಫ್ಲೂಟಿನವರು ಸ್ಟೇಜಿನ ಮೆಟ್ಟಿಲ ಮೇಲೆ. ಒಬ್ಬರ ಉಪ್ಪಿನಕಾಯಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ನಾನು ಎಂಟನೇ ಕ್ಲಾಸು, ದೊಡ್ಡ ಡ್ರಮ್ಮು. ಅಕ್ಕ ಮಂಜುಳ ಒಂಬತ್ತನೇ ಕ್ಲಾಸು, ಫ್ಲೂಟು. ಬಟವಾಡಿಯಿಂದ ಒಂದೇ ಬಸ್ಸಿನಲ್ಲಿ ಬರುತ್ತಿದ್ದ ನಾವಿಬ್ಬರು ಗೇಟು ದಾಟಿದ ಕೂಡಲೇ ಬೇರೆ ಬೇರೆ ಪಾರ್ಟಿ.

ಎಲ್ಲ ಸರಿಯಾಗಿದ್ದ ಕೊನೆಯ ದಿನ ಒಂದು ಭಾನುವಾರ. ಸ್ವಾತಂತ್ರ್ಯ ದಿನದ ಪರೇಡು ಹತ್ತಿರ ಬಂದಿತ್ತು. ಅಮ್ಮ ರಾಗಿ ಹಿಟ್ಟಿನ ಡಬ್ಬವನ್ನು ಖಾಲಿ ಮಾಡಿ ಬಿಸಿಲಿಗಿಟ್ಟಿದ್ದಳು. ನಾನು ಅದನ್ನೇ ಎತ್ತಿಕೊಂಡು ಸೌಟಿನಲ್ಲಿ ಬಾರಿಸುತ್ತಿದ್ದೆ. ಏಟು ಬಿದ್ದಾಗಲೆಲ್ಲ ಹಿಟ್ಟಿನ ವಾಸನೆ ಮೂಗಿಗೆ ಬರುತ್ತಿತ್ತು. ಪಕ್ಕದಲ್ಲಿ ಪರೇಡಿನ ಹಾಡು ಊದುತ್ತಿದ್ದ ಅಕ್ಕ ಫ್ಲೂಟನ್ನು ಕೆಳಗಿಟ್ಟಳು.

"ಏನೇ ಅದು, ಒನಕೇಲಿ ಕುಟ್ಟಿದಂಗೆ! ಮೂರನೇ ಸಾಲು ಮುಗಿಯೋ ಹೊತ್ಗೆ ನಮ್ಗೆ ಉಸ್ರೇ ಇರಲ್ಲ ಕಣೇ. ಅಲ್ಲಿ ಒಂಚೂರು ತಡಿ, ಆಮೇಲೆ ಹೊಡಿ."

"ನಿಮ್ಮೋರಿಗೋಸ್ಕರ ನಾನ್ಯಾಕೆ ತಡೀಲಿ?"

"ನಮ್ಮೋರಿಗೆ ಬ್ಯಾಡ ಬುಡು. ನಂಗೋಸ್ಕರ ತಡಿ."

ಉಸಿರೆಳೆಯುವಾಗ ಅವಳ ಭುಜ ಸ್ವಲ್ಪ ಮೇಲೇಳುತ್ತಿತ್ತು. ಅದನ್ನು ನೋಡಿಕೊಂಡು ಕೈ ತಡೆಯುವುದನ್ನು ಕಲಿತೆ. ಸಂಜೆ ಅಮ್ಮ ಕೊಟ್ಟ ಅವಲಕ್ಕಿಯನ್ನು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು.

ಮರುದಿನ ಪ್ರಾಕ್ಟೀಸಿನಲ್ಲಿ ಮೂರನೇ ಸಾಲಿಗೆ ಬಂದಾಗ ತಡೆದೆ. ನನ್ನನ್ನು ನೋಡಿ ಸಣ್ಣ ಡ್ರಮ್ಮಿನವರೂ ತಡೆದರು. ನಾಲ್ಕನೇ ಸಾಲು ಅವತ್ತೇ ಮೊದಲ ಸಲ ಪೂರ್ತಿಯಾಗಿ ಕೇಳಿಸಿತು. ಬ್ಯಾಂಡಿನ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ಭೇಷ್ ಕಣಮ್ಮ!" ಎಂದರು ನನಗೆ. ಆಮೇಲೆ ಫ್ಲೂಟಿನವರ ಕಡೆ ತಿರುಗಿದರು. "ಡ್ರಮ್ಮಿನೋರೇ ನಿಮ್ಗೆ ಉಸಿರಾಡೋಕೆ ಟೈಮ್ ಕೊಡ್ತಾವ್ರೆ. ನಾಚ್ಕೆ ಆಗಲ್ವೇನ್ರಮ್ಮ?"

"ಪಾಪ, ಆಕ್ಸಿಜನ್ ಸಿಲಿಂಡರ್ ತರ್ಸೋಣ್ವಾ?" ಎಂದಳು ನನ್ನ ಪಕ್ಕದ ಸಣ್ಣ ಡ್ರಮ್ಮಿನ ರಮ್ಯಾ. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅಕ್ಕ ನೋಡಿದಳು.

ನಲ್ಲಿಯ ಹತ್ತಿರ ಅಕ್ಕನನ್ನು ಫ್ಲೂಟಿನ ಲೀಡರ್ ಶೈಲಜಾ ಅಡ್ಡಗಟ್ಟಿದಳು.

"ನಮ್ಗೆ ಉಸಿರು ಸಾಲಲ್ಲ ಅಂತ ಅವ್ರಿಗೆ ಯಾರೇ ಹೇಳಿದ್ದು? ನಿನ್ ತಂಗಿಗೆ ನೀನೇ ತಾನೇ?"

"ಹಾಡು ಚೆನ್ನಾಗಿ ಬಂತಲ್ವೇನೇ, ಶೈಲು?"

ಶೈಲಜಾ ನಲ್ಲಿ ನಿಲ್ಲಿಸಿ ಹೊರಟುಹೋದಳು.

ಅವತ್ತು ಮಧ್ಯಾಹ್ನ ಫ್ಲೂಟಿನವರೆಲ್ಲ ಮೇಲಿನ ಮೆಟ್ಟಿಲಲ್ಲಿ ಒತ್ತಿಕೊಂಡು ಕೂತರು. ಅಕ್ಕ ಕೆಳಗಿನ ಮೆಟ್ಟಿಲಲ್ಲಿ ಒಬ್ಬಳೇ ಡಬ್ಬಿ ತೆಗೆದಳು. ನನ್ನ ಡಬ್ಬಿಯಲ್ಲಿದ್ದ ಚಿತ್ರಾನ್ನವೇ ಅವಳದ್ದರಲ್ಲೂ ಇತ್ತು.

"ನಿಮ್ಮಕ್ಕ ಯಾಕೆ ಒಬ್ಳೇ ಕೂತವ್ಳೆ?" ಎಂದಳು ರಮ್ಯಾ.

"ಗೊತ್ತಿಲ್ಲ" ಎಂದೆ. ನಡುವೆ ಇದ್ದದ್ದು ಒಂದು ಆಟದ ಮೈದಾನ, ಅಷ್ಟೇ. ಆದರೆ ಡ್ರಮ್ಮಿನವಳು ಆ ಮೆಟ್ಟಿಲ ಮೇಲೆ ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾನು ಏಳಲಿಲ್ಲ. ಮರುದಿನವೂ ಏಳಲಿಲ್ಲ.

ಬಸ್ಸಿನಲ್ಲಿ, "ಇನ್ಮೇಲೆ ತಡಿಯಲ್ಲ ಬುಡಕ್ಕ" ಎಂದೆ.

"ತಡಿ. ಹಾಡಿಗೆ ಅದೇ ಚೆಂದ" ಎಂದು ಕಿಟಕಿಯ ಕಡೆ ತಿರುಗಿದಳು.

ಪರೇಡಿನಲ್ಲಿ ನಮ್ಮ ಬ್ಯಾಂಡಿಗೆ ಬಹುಮಾನ ಬಂತು. ಮುಂದಿನ ವರ್ಷ ಅಕ್ಕ ಫ್ಲೂಟು ಬಿಟ್ಟಳು. ಎಸ್ಸೆಸ್ಸೆಲ್ಸಿ ಓದಬೇಕು ಅಂದಳು. ಅಮ್ಮ ನಂಬಿದಳು. ನಾನು ನಂಬಿದ ಹಾಗೆ ಇದ್ದೆ.

ಈ ವರ್ಷ ಕುಣಿಗಲ್ಲಿನಲ್ಲಿ, ಗಂಡನ ಮನೆಯಲ್ಲಿ, ಕಾಯಿಲೆಯಿಂದ ಅಕ್ಕ ತೀರಿಹೋದಳು. ಸುದ್ದಿ ತಿಳಿದ ರಮ್ಯಾ ಗುಬ್ಬಿಯಿಂದ ಮೊದಲ ಬಸ್ಸಿಗೇ ಬಂದು ಮಣ್ಣು ಮಾಡುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು. ಹೊಂಗೆ ಮರದ ಕೆಳಗೆ ಊಟ ಮಾಡಿದವರೆಲ್ಲ ಇವತ್ತಿಗೂ ನನಗೆ ಫೋನ್ ಮಾಡುತ್ತಾರೆ. ಅಕ್ಕನ ಫ್ಲೂಟಿನವರಿಗೂ ತಿಳಿಸೋಣ ಅಂತ ಭಾವನ ಹತ್ತಿರ ಅವಳ ಫೋನು ಇಸಿದುಕೊಂಡೆ. ಹಾಲಿನವರ ನಂಬರಿತ್ತು, ಮಗನ ಟ್ಯೂಷನ್ ಮಿಸ್ಸಿನದಿತ್ತು, ನನ್ನದಿತ್ತು. ಶೈಲಜಾ ಇರಲಿಲ್ಲ. ಆ ಮೆಟ್ಟಿಲ ಮೇಲೆ ಕೂರುತ್ತಿದ್ದ ಬೇರೆ ಯಾರೊಬ್ಬರ ಹೆಸರೂ ಇರಲಿಲ್ಲ.

ಸ್ಕೂಲಿನ ಗೆಳತಿ ಅಂತ ಅಕ್ಕನಿಗೆ ಯಾರೂ ಬರಲಿಲ್ಲ.